ಯಾವಾಗ ಅದುರುತ್ತದೆ?

ಹಕೀಮರು ರೋಗಿಯ ಮಣಿಕಟ್ಟು ಹಿಡಿದು ನಬ್ಜ್ ನೋಡುತ್ತಾರೆ. ಕಾಯಿಲೆ ಇರುವುದು ಮಣಿಕಟ್ಟಿನಲ್ಲಲ್ಲ. ಅದು ಹೊಟ್ಟೆಯಲ್ಲೋ ಎದೆಯಲ್ಲೋ ಇರುತ್ತದೆ. ಮಣಿಕಟ್ಟು ಅದರ ಸುದ್ದಿ ಕೈಗೆ ಸಿಗುವ ಜಾಗ ಅಷ್ಟೇ. ಉರ್ದುವಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಮಾತುಗಳಿವೆ. ಹೊರಗೆ ಕಾಣುವ ಗುರುತು ಅಲಾಮತ್. ಒಳಗಿರುವ ಕಾಯಿಲೆ ಮರ್ಜ್. ಒಂದನ್ನು ಹಿಡಿದು ಇನ್ನೊಂದನ್ನು ಪತ್ತೆ ಮಾಡುವುದು ತಷ್‌ಖೀಸ್. ಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ಮೂರು ಪದಗಳು ನನಗೆ ನಿಜವಾಗಿ ಅರ್ಥವಾದದ್ದು ರಾಮಾಪುರದ ಒಂದು ಪಂಕ್ಚರ್ ಅಂಗಡಿಯ ಮುಂದೆ, ಜಾಕ್ ಮೇಲೆ ನಿಂತಿದ್ದ ಹಳೆಯ ಕಾರಿನ ಪಕ್ಕದಲ್ಲಿ.

ಕಾರು ನನ್ನ ಮಾಮುವಿನದು. 1999ರ ಮಾರುತಿ 800. ಈಗಿನ ಹುಡುಗರಿಗೆ ಅದು ಆಟಿಕೆಯಂತೆ ಕಾಣುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದು, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲಿಸುವವರೆಗೆ ಈ ದೇಶದ ಸಾಧಾರಣ ಕುಟುಂಬಗಳಿಗೆ ಕಾರು ಎಂದರೆ ಬಹುಪಾಲು ಅದೇ ಆಗಿತ್ತು. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, 12 ಇಂಚಿನ ಪುಟ್ಟ ಚಕ್ರಗಳು. ಮಾಮುವಿನ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ಹಾಗಾಗಿ ರಸ್ತೆಯಲ್ಲಿ ಏನು ನಡೆದರೂ ಅದರ ಸುದ್ದಿ ನೇರವಾಗಿ ಅಂಗೈಗೆ ಬರುತ್ತದೆ.

ಮಾಮು ಮೂವತ್ತು ವರ್ಷ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚಿದವರು. ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಎಳೆ ಎತ್ತಿ, ಎಳೆಗೆ ಎಳೆ ಸೇರಿಸಿ, ಎಲ್ಲಿ ಸಣ್ಣದಾಯಿತು, ಎಲ್ಲಿ ಕಡಿಯಿತು ಎಂಬುದನ್ನು ಕಣ್ಣಿಗಿಂತ ಮೊದಲು ಬೆರಳಿನಲ್ಲಿ ತಿಳಿಯುತ್ತಿದ್ದರು. ಆ ಕೆಲಸ ಬಿಟ್ಟ ಮೇಲೆ ಮುಮಾನಿಯ ತವರೂರು ರಾಮಾಪುರಕ್ಕೆ ಬಂದು ಒಂದು ದಿನಸಿ ಅಂಗಡಿ ಇಟ್ಟುಕೊಂಡರು. ಈಗ ಎಪ್ಪತ್ತು ದಾಟಿದೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ.

ಕೊಳ್ಳೇಗಾಲದಿಂದ ಕಾಮಗೆರೆ, ಹನೂರು, ಅಜ್ಜೀಪುರ ದಾಟಿದರೆ ರಾಮಾಪುರ. ಮುಂದೆ ಕೌದಳ್ಳಿ, ತಾಳಬೆಟ್ಟ. ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟದ ಏರು. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಲ್ಲಿ ಈ ರಸ್ತೆಯಲ್ಲಿ ಬಸ್ಸು, ಟೆಂಪೋಗಳ ಜತೆಗೆ ಕಾಲ್ನಡಿಗೆಯ ಪರಿಷೆಯೂ ಇರುತ್ತದೆ. ಉಳಿದ ದಿನಗಳಲ್ಲಿ ರಾತ್ರಿ ಎಂಟರ ಮೇಲೆ ವಾಹನಗಳು ವಿರಳ. ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2008ರಲ್ಲಿ. ಅದಕ್ಕೆ ಮೊದಲು ಬೀದಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರಿಗೆ ಹಾವು ಕಚ್ಚಿದರೂ ಮೊದಲು ತಟ್ಟುತ್ತಿದ್ದದ್ದು ಮಾಮುವಿನ ಬಾಗಿಲನ್ನೇ. ಈಗಲೂ ಅಭ್ಯಾಸ ಹೋಗಿಲ್ಲ. ವಯಸ್ಸಾದವರು ಹನೂರಿಗೋ ಕಾಮಗೆರೆಗೋ ಆಸ್ಪತ್ರೆಗೆ ಹೋಗಬೇಕಾದರೆ, "ಸಾಬ್ರೇ, ನಾಳೆ ಆ ಕಡೆ ಹೋಗೋದುಂಟಾ?" ಎಂದು ಕೇಳುತ್ತಾರೆ. ಹೋಗುವುದಿಲ್ಲದಿದ್ದರೂ ಮಾಮು "ಹೌದು, ಹೋಗೋದಿತ್ತು" ಎನ್ನುತ್ತಾರೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಈ ಕಾರಿನ ಸ್ಟೀರಿಂಗ್ ಅದುರಲು ಶುರುವಾಯಿತು. ಮೊದಮೊದಲು ಸಣ್ಣಗೆ. ಆಮೇಲೆ ಹಿಡಿದ ಕೈ ಮೊಣಕೈವರೆಗೆ ಜುಮ್ಮೆನ್ನುವಷ್ಟು. ಪಟ್ಟಣದ ಒಂದು ವರ್ಕ್‌ಶಾಪಿಗೆ ಒಯ್ದರು. ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿ ಕಳಿಸಿದರು. ಅದುರು ಹೋಗಲಿಲ್ಲ. ಮತ್ತೊಮ್ಮೆ ಹೋದಾಗ ಮತ್ತೊಮ್ಮೆ ಬ್ಯಾಲೆನ್ಸಿಂಗ್ ಆಯಿತು. ಮೂರನೆಯ ಸಲ, "ಸ್ಟೀರಿಂಗ್ ಬಾಕ್ಸೇ ಬದಲಾಯಿಸಬೇಕು, 12,000 ಆಗ್ತದೆ" ಎಂದರು. ನಡುಗುವುದು ಸ್ಟೀರಿಂಗ್, ಆದ್ದರಿಂದ ಹೋಗಿರುವುದೂ ಸ್ಟೀರಿಂಗ್ ಎಂಬುದು ಅಲ್ಲಿನ ತರ್ಕ.

ಬೆಂಗಳೂರಿನ ಮಕ್ಕಳ ತರ್ಕ ಬೇರೆ. ಅಬ್ಬಾ ಚಹಾದ ಲೋಟ ಎತ್ತುವಾಗ ಕೈ ನಡುಗುವುದನ್ನು ಅವರು ರಂಜಾನ್ ರಜೆಯಲ್ಲಿ ನೋಡಿದ್ದರು. "ಗಾಡಿ ಅಲ್ಲ, ಅಬ್ಬಾರ ಕೈ ನಡುಗ್ತಿರೋದು. ಎರಡು ಸಲ ರಿಪೇರಿ ಮಾಡಿದ್ರೂ ಹೋಗಿಲ್ಲ ಅಂದ್ರೆ ಇನ್ನೇನು? ಗಾಡಿ ಗುಜರಿಗೆ ಹಾಕಿ, ಬೀಗದ ಕೈ ಕಿತ್ತುಕೊಳ್ಳಿ" ಎಂದು ನನಗೆ ಫೋನ್ ಮಾಡಿದರು. ಅವರದು ಕಾಳಜಿಯೇ. ಆದರೆ ಮಾಮುವಿಗೆ ಅದು ಬಹಳ ನೋವು ಕೊಟ್ಟಿತು. "ಈ ಬೆರಳಿಗೆ ಕೂದಲಿಗಿಂತ ಸಣ್ಣ ಎಳೆ ಗೊತ್ತಾಗ್ತಿತ್ತು ಬೇಟಾ. ನನ್ನ ನಡುಕ ಯಾವುದು, ಗಾಡಿ ನಡುಕ ಯಾವುದು ಅಂತ ನನಗೆ ಗೊತ್ತಾಗಲ್ವಾ?" ಎಂದರು. ಆ ಬೀಗದ ಕೈ ಹೋದರೆ ಅವರ ಓಡಾಟದ ಜತೆಗೆ ಬೀದಿಯಲ್ಲಿ ಅವರಿಗಿರುವ ಸ್ಥಾನವೂ ಹೋಗುತ್ತಿತ್ತು. ಹಾಗೆಂದು ಅವರ ಕೈಯೇ ಕಾರಣವಾಗಿದ್ದರೆ ಪಕ್ಕದ ಸೀಟಿನಲ್ಲಿ ಕೂರುವ ಬಸುರಿಯ ಗತಿ? ಎರಡೂ ಕಡೆ ಜೀವದ ಮಾತೇ. ನಾನು ರಾಮಾಪುರಕ್ಕೆ ಹೋದದ್ದು ಈ ಜಗಳದ ನಡುವೆ.

ಊರಿನ ರಸ್ತೆ ಬದಿಯಲ್ಲಿ ತಗಡಿನ ಎರಡು ಶೆಡ್ಡುಗಳು ಒಂದಕ್ಕೊಂದು ಆತುಕೊಂಡಿವೆ. ಒಂದರಲ್ಲಿ ಮಾರ್ಟಳ್ಳಿ ಕಡೆಯಿಂದ ಬಂದ, ಮನೆಯಲ್ಲಿ ತಮಿಳು ಮಾತಾಡುವ ಮೆಕ್ಯಾನಿಕ್ ಹುಡುಗ. ಇನ್ನೊಂದು ಪಂಕ್ಚರ್ ಅಂಗಡಿ. ಅದರ ಮಾಲೀಕರು ಅರವತ್ತರ ಹತ್ತಿರದ ನಮ್ಮವರೊಬ್ಬರು. ಊರೆಲ್ಲ ಅವರನ್ನು ಭಾಯಿ ಎನ್ನುತ್ತದೆ.

ಮೆಕ್ಯಾನಿಕ್ ಹುಡುಗ ಬಾನೆಟ್ ಎತ್ತಲಿಲ್ಲ, ಸ್ಪ್ಯಾನರ್ ಮುಟ್ಟಲಿಲ್ಲ. "ಯಾವಾಗ ಅದುರ್ತದೆ ಸಾ?" ಎಂದು ಕೇಳಿದ.

"ಓಡಿಸುವಾಗ" ಎಂದರು ಮಾಮು.

"ಅದಲ್ಲ ಸಾ. ಸುಮ್ನೆ ಸ್ಟಾರ್ಟ್ ಮಾಡಿ ನಿಲ್ಸಿದಾಗ ಅದುರ್ತದಾ? ಬ್ರೇಕ್ ಹಾಕಿದ್ರೆ ಜಾಸ್ತಿ ಆಯ್ತದಾ? ಎಷ್ಟು ಸ್ಪೀಡ್‌ಗೆ ಶುರುವಾಯ್ತದೆ? ಅದ ಯೋಳಿ."

ಎಲ್ಲಿ ಎಂದು ಅವನು ಕೇಳಲಿಲ್ಲ, ಯಾವಾಗ ಎಂದು ಕೇಳಿದ. ಪಟ್ಟಣದಲ್ಲಿ ಮೂರು ಸಲವೂ ಯಾರೂ ಕೇಳದಿದ್ದ ಪ್ರಶ್ನೆ ಅದು. ಅವನು ಕೇಳುತ್ತಾ ಹೋದಂತೆ ಅದರ ಹಿಂದಿನ ಲೆಕ್ಕ ನನಗೂ ತಿಳಿಯುತ್ತಾ ಹೋಯಿತು. ಗಾಡಿ ನಿಂತಿದ್ದು ಎಂಜಿನ್ ಮಾತ್ರ ಓಡುವಾಗ ಅದುರಿದರೆ ಚಕ್ರದ ತಪ್ಪಿಲ್ಲ. ಎಂಜಿನ್ನನ್ನು ಹಿಡಿದಿರುವ ರಬ್ಬರ್ ಮೌಂಟಿಂಗ್ ಹೋಗಿರಬಹುದು, ಇಲ್ಲವೇ ಎಂಜಿನ್ನೇ ಸರಿಯಾಗಿ ಓಡುತ್ತಿಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಮುಂದಿನ ಬ್ರೇಕ್ ಡಿಸ್ಕ್ ಸಮ ಇಲ್ಲ. ಆಗ ಪೆಡಲ್ ಕೂಡ ಕಾಲಿನ ಕೆಳಗೆ ಮಿಡಿಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಿ, ಬಿಟ್ಟಾಗ ನಿಂತರೆ ಎಂಜಿನ್ನಿನಿಂದ ಮುಂದಿನ ಚಕ್ರಕ್ಕೆ ಹೋಗುವ ಆಕ್ಸಲ್‌ನ ಜಾಯಿಂಟು ಸವೆದಿದೆ. ನಿಧಾನದಲ್ಲಿ ಏನೂ ಇಲ್ಲದೆ 80ರ ಆಸುಪಾಸಿನಲ್ಲಿ ಮಾತ್ರ ಬಂದು, ಇನ್ನೂ ಜೋರಾಗಿ ಹೋದರೆ ಕಡಿಮೆಯಾದರೆ ಅದು ಬ್ಯಾಲೆನ್ಸಿಂಗ್ ದೋಷ. ನಿಧಾನದಲ್ಲೇ, 30-40ರಲ್ಲೇ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ತೂಗಿದರೆ ಟೈರೋ ರಿಮ್ಮೋ ಗುಂಡಗೆ ಉಳಿದಿಲ್ಲ. ಕೈಯಲ್ಲಿ ಇಲ್ಲದೆ ಸೀಟಿನಲ್ಲಿ ಅದುರಿದರೆ ಹೆಚ್ಚಾಗಿ ಹಿಂದಿನ ಚಕ್ರ.

ಮಾಮು ಈಗ ಕಣ್ಣು ಮುಚ್ಚಿ ನೆನೆಸಿಕೊಂಡು ಹೇಳಿದರು: ನಿಂತಾಗ ಇಲ್ಲ. ಬ್ರೇಕಿಗೆ ಹೆಚ್ಚಾಗುವುದಿಲ್ಲ. ಮೂವತ್ತೈದಕ್ಕೆ ತೂಗಲು ಶುರು, ಅರವತ್ತಕ್ಕೆ ಜೋರು.

ಹುಡುಗ ಮಾಮುವನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತ. ನಾನು ಹಿಂದೆ. ನೇರವಾದ ಖಾಲಿ ರಸ್ತೆಯಲ್ಲಿ ನಲವತ್ತಕ್ಕೆ ಬಂದಾಗ ಕ್ಲಚ್ ಒತ್ತಿಸಿ ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಡಿಸಿದ. ಎಂಜಿನ್ ಸದ್ದು ಇಳಿಯಿತು, ತೂಗಾಟ ಇಳಿಯಲಿಲ್ಲ. ಅಲ್ಲಿಗೆ ಎಂಜಿನ್, ಆಕ್ಸಲ್ ಎರಡೂ ಲೆಕ್ಕದಿಂದ ಹೊರಗೆ. ಆಮೇಲೆ ಸ್ಟೀರಿಂಗ್ ತಾನು ಹಿಡಿದು ಅದೇ ದಾರಿಯಲ್ಲಿ ವಾಪಸು ಬಂದ. ಅವನ ಇಪ್ಪತ್ತೈದರ ಕೈಯಲ್ಲೂ ಅದು ಹಾಗೇ ತೂಗಿತು. ಮಾಮು ಏನೂ ಹೇಳಲಿಲ್ಲ. ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿದರು, ಅಷ್ಟೇ.

ಶೆಡ್ಡಿಗೆ ಬಂದು ಮುಂಭಾಗ ಜಾಕ್ ಮೇಲೆ ಎತ್ತಿದ. ಚಕ್ರದ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿದ. ಅಲ್ಲಿ ಆಟ ಇದ್ದರೆ ಬೇರಿಂಗು ಅಥವಾ ಬಾಲ್ ಜಾಯಿಂಟು. ಆಟ ಇರಲಿಲ್ಲ. ಎಡಕ್ಕೂ ಬಲಕ್ಕೂ ಕೈಯಿಟ್ಟು ಅಲುಗಿಸಿದ. ಎಡ ಚಕ್ರ ಸಣ್ಣಗೆ ಕಟಕಟ ಎಂದಿತು. ಟೈ ರಾಡ್ ಎಂಡ್ ಸವೆದಿತ್ತು. ನನಗೆ ಪತ್ತೆಯಾಯಿತು ಎನ್ನಿಸಿತು. ಹುಡುಗ ತಲೆಯಾಡಿಸಿದ. "ಇದು ಅದುರನ್ನ ಕೈಗೆ ಸಾಗಿಸ್ತದೆ ಸಾ, ಜಾಸ್ತೀನೂ ಮಾಡ್ತದೆ. ಹುಟ್ಸಲ್ಲ. ಭಾಯೀನ ಕರೀರಿ."

ಭಾಯಿ ಕೈ ಒರೆಸಿಕೊಂಡು ಬಂದರು. ಎಡ ಟೈರಿನ ಮೇಲೆ ಅಂಗೈ ಇಟ್ಟು ಚಕ್ರವನ್ನು ಮೆಲ್ಲಗೆ ತಿರುಗಿಸಿದರು. ಒಂದು ಕಡೆ ಕೈ ನಿಂತಿತು. ಜೇಬಿನಿಂದ ಸೀಮೆಸುಣ್ಣ ತೆಗೆದು, ಒಂದು ಇಟ್ಟಿಗೆಯ ಮೇಲೆ ಅಲುಗದಂತೆ ಊರಿ, ಅದರ ತುದಿ ಟೈರಿಗೆ ಕೂದಲೆಳೆಯಷ್ಟು ದೂರ ಇರುವ ಹಾಗೆ ಹಿಡಿದು ಚಕ್ರ ಬಿಟ್ಟರು. ಟೈರ್ ಗುಂಡಗಿದ್ದರೆ ಸುಣ್ಣ ಎಲ್ಲೂ ತಾಗಬಾರದು, ತಾಗಿದರೆ ಸುತ್ತಲೂ ತಾಗಬೇಕು. ಅದು ಗೇಣುದ್ದ ಜಾಗದಲ್ಲಿ ಮಾತ್ರ ಬಿಳಿ ಗೆರೆ ಎಳೆಯಿತು. ಉಬ್ಬು ಇದ್ದದ್ದು ಒಳಮಗ್ಗುಲಲ್ಲಿ; ಹೊರಗೆ ನಿಂತು ನೋಡುವವರಿಗೆ ಕಾಣುವಂತಿರಲಿಲ್ಲ.

"ಒಳಗಿನ ತಂತಿ ಬಿಟ್ಟಿದೆ" ಎಂದರು. ರೇಡಿಯಲ್ ಟೈರಿನ ರಬ್ಬರಿನ ಕೆಳಗೆ ಉಕ್ಕಿನ ಎಳೆಗಳ ಪಟ್ಟಿ ಇರುತ್ತದೆ. ಗುಂಡಿಗೆ ಬಿದ್ದ ಪೆಟ್ಟು, ಗಾಳಿ ಕಡಿಮೆ ಇದ್ದಾಗ ಹುಟ್ಟುವ ಕಾವು, ಎಲ್ಲಕ್ಕಿಂತ ಹೆಚ್ಚಾಗಿ ವಯಸ್ಸು, ಇವುಗಳಿಂದ ಪಟ್ಟಿಗೂ ರಬ್ಬರಿಗೂ ಇರುವ ಹಿಡಿತ ಸಡಿಲವಾಗುತ್ತದೆ. ಆಗ ಆ ಜಾಗ ಊದಿಕೊಳ್ಳುತ್ತದೆ. ಮಾರುತಿ 800ರ ಚಕ್ರ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು ಹತ್ತು ಸುತ್ತು ತಿರುಗುತ್ತದೆ. ಅಂದರೆ ಆ ಉಬ್ಬು ಸೆಕೆಂಡಿಗೆ ಹತ್ತು ಸಲ ನೆಲಕ್ಕೆ ಗುದ್ದಿ ಸ್ಟೀರಿಂಗನ್ನು ಅಲುಗಿಸುತ್ತಿತ್ತು. ಹಾಗಾದರೆ ಎರಡು ಸಲ ಮಾಡಿದ ಬ್ಯಾಲೆನ್ಸಿಂಗ್? ಸಾಮಾನ್ಯ ಬ್ಯಾಲೆನ್ಸಿಂಗ್ ಮೆಷಿನ್ ತೂಕವನ್ನು ನೋಡುತ್ತದೆ, ಆಕಾರವನ್ನಲ್ಲ. ಭಾರ ಇರುವ ಕಡೆಗೆ ಎದುರಾಗಿ ಸೀಸದ ತುಂಡು ಬಡಿದರೆ ಮೆಷಿನ್ನಿನಲ್ಲಿ ಸೊನ್ನೆ ಬರುತ್ತದೆ. ಟೈರು ಮಾತ್ರ ಕೋಳಿಮೊಟ್ಟೆಯಾಗಿಯೇ ಉಳಿಯುತ್ತದೆ.

ಭಾಯಿ ಟೈರಿನ ಮಗ್ಗುಲಲ್ಲಿದ್ದ ನಾಲ್ಕು ಅಂಕಿ ತೋರಿಸಿದರು: 0916. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2016ರ ಒಂಬತ್ತನೆಯ ವಾರದಲ್ಲಿ ತಯಾರಾದ ಟೈರು. ಮಾಮುವಿನ ಕಾರು ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಹಾಗಾಗಿ ಟೈರಿನ ಗೀರುಗಳು ಇನ್ನೂ ಆಳವಾಗಿದ್ದವು. ಕಾನೂನು ಕೇಳುವ 1.6 ಮಿಲಿಮೀಟರಿಗಿಂತ ಎಷ್ಟೋ ಹೆಚ್ಚು. "ಟೈರ್ ಹೊಸದರ ಹಾಗಿದೆಯಲ್ಲ" ಎಂದೇ ಎಲ್ಲರೂ ಅದನ್ನು ಬಿಟ್ಟು ಬೇರೆ ಕಡೆ ಹುಡುಕಿದ್ದರು. ಕಡಿಮೆ ಓಡುವ ಹಳೆಯ ಕಾರಿನ ಟೈರು ಸವೆದು ಸಾಯುವುದಿಲ್ಲ, ಕೂತು ಸಾಯುತ್ತದೆ. ಐದಾರು ವರ್ಷವಾದ ಮೇಲೆ ಗೀರು ನೋಡಿ ಸಮಾಧಾನ ಪಡಬಾರದು ಎಂಬುದು ಭಾಯಿಯ ಮಾತು.

ಖಾತ್ರಿ ಮಾಡಿಕೊಳ್ಳದೆ ಅವರು ಬಿಡಲಿಲ್ಲ. ಆ ಚಕ್ರ ತೆಗೆದು ಸ್ಟೆಪ್ನಿ ಹಾಕಿದರು. ಹಾಕುವ ಮೊದಲು ಹಬ್ಬಿನ ಮೇಲೆ ಗಟ್ಟಿಯಾಗಿದ್ದ ಕೆಸರು, ತುಕ್ಕನ್ನು ತಂತಿಬ್ರಷ್ಷಿನಿಂದ ಕೆರೆದರು. ಅಲ್ಲಿ ಕಾಳಿನಷ್ಟು ಮಣ್ಣು ಸಿಕ್ಕಿಕೊಂಡರೂ ಚಕ್ರ ಓರೆಯಾಗಿ ಕೂರುತ್ತದೆ. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿದರು. ಮತ್ತೆ ಅದೇ ರಸ್ತೆ, ಅದೇ ವೇಗ. ತೂಗಾಟ ಮುಕ್ಕಾಲು ಪಾಲು ಹೋಗಿತ್ತು. ಉಳಿದ ಕಾಲು ಪಾಲು ಟೈ ರಾಡ್ ಎಂಡ್ ಬದಲಾಯಿಸಿ, ಅಲೈನ್‌ಮೆಂಟ್ ಮಾಡಿಸಿದ ಮೇಲೆ ಹೋಯಿತು. ಈ ಕ್ರಮವೂ ಮುಖ್ಯ. ಸವೆದ ಭಾಗ ಬದಲಾಯಿಸದೆ ಮಾಡಿದ ಅಲೈನ್‌ಮೆಂಟ್ ನಿಲ್ಲುವುದಿಲ್ಲ. ಮುಂದಿನ ಎರಡು ಹೊಸ ಟೈರು, ಟೈ ರಾಡ್ ಎಂಡ್, ಕೂಲಿ ಎಲ್ಲ ಸೇರಿ 8,000ದ ಒಳಗೆ ಮುಗಿಯಿತು. ಸ್ಟೀರಿಂಗ್ ಬಾಕ್ಸನ್ನು ಯಾರೂ ಮುಟ್ಟಲಿಲ್ಲ.

"ಪಂಕ್ಚರ್ ಹಾಕುವವರು" ಎಂಬುದು ಈಚಿನ ವರ್ಷಗಳಲ್ಲಿ ನಮ್ಮ ಸಮುದಾಯಕ್ಕೆ ಅಂಟಿಸಿದ ಬೈಗುಳ. ಓದಿಲ್ಲದವರು, ಇನ್ನೇನೂ ಬಾರದವರು ಎಂದು ಅದರ ಅರ್ಥ. ನಮ್ಮ ಮಕ್ಕಳು ಓದಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಲವತ್ತು ವರ್ಷ ಟೈರುಗಳ ಹೊಟ್ಟೆ ಬಗೆದು ನೋಡಿದ ಕೈಗೆ ತಿಳಿದದ್ದು ಮೂರು ಸಲ ದುಡ್ಡು ತೆಗೆದುಕೊಂಡ ಮೆಷಿನ್ನಿಗೆ ತಿಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಆ ಟೈರಿಗೆ ಸೆಕೆಂಡ್ ಹ್ಯಾಂಡ್ ಗಿರಾಕಿ ಸಿಗುತ್ತಿದ್ದರು, ಗೀರು ಚೆನ್ನಾಗಿತ್ತಲ್ಲ. ಭಾಯಿ ನಮ್ಮ ಮುಂದೆಯೇ ಅದರ ಮಗ್ಗುಲನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಮೂಲೆಗೆ ಎಸೆದರು. "ಇನ್ಯಾರೋ ಇದನ್ನ ಹಾಕ್ಕೊಂಡು ಬೆಟ್ಟ ಹತ್ತಬಾರ್ದು" ಎಂದರು. ಕೆಲಸದಲ್ಲಿ ಅಮಾನತ್ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಸೀಳಿದ ಟೈರನ್ನು ತೋರಿಸುತ್ತೇನೆ.

ಚಹಾ ಕುಡಿಯುತ್ತಾ ಕೂತಾಗ ಮಾಮು ಒಂದು ಮಾತು ಹೇಳಿದರು. "ನಮ್ಮ ಊರಿಗೂ ಹೀಗೇ ಮಾಡಿದ್ರು." ರಾಮಾಪುರ ಎಂದರೆ ಹೊರಗಿನವರಿಗೆ ಇಂದಿಗೂ ನೆನಪಾಗುವುದು 1992ರಲ್ಲಿ ವೀರಪ್ಪನ್ ತಂಡ ಇಲ್ಲಿನ ಪೊಲೀಸ್ ಠಾಣೆಯ ಮೇಲೆ ನಡೆಸಿದ ದಾಳಿ. ಪೊಲೀಸರು ಸತ್ತರು, ಅವರ ಮನೆಗಳ ದುಃಖ ಸಣ್ಣದಲ್ಲ. ಆದರೆ ಆಮೇಲಿನ ವರ್ಷಗಳಲ್ಲಿ ಹಿಡಿಯಬೇಕಾದವನು ಕಾಡಿನಲ್ಲಿದ್ದ, ಹಿಡಿದದ್ದು ಕಾಡಂಚಿನ ಹಳ್ಳಿಗಳ ಕೂಲಿಯವರನ್ನು, ಸೋಲಿಗರನ್ನು. ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದವರಲ್ಲಿ ಹೆಚ್ಚಿನವರು 2001ರಲ್ಲಿ ಖುಲಾಸೆಯಾದರು. ಕಾರ್ಯಾಚರಣೆಯಲ್ಲಿ ನಡೆದ ಅತಿರೇಕಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನೇ ನೇಮಿಸಬೇಕಾಯಿತು. ನಡುಕ ಕೈಗೆ ಸಿಕ್ಕ ಕಡೆಯೇ ರೋಗ ಇದೆ ಎಂದುಕೊಂಡರೆ ಕಾರಿನಲ್ಲಿ 12,000 ರೂಪಾಯಿ ಹೋಗುತ್ತದೆ. ಊರಿನಲ್ಲಿ ಜನರ ಆಯುಷ್ಯ ಹೋಗುತ್ತದೆ. ಸುದ್ದಿ ಬಂದಾಗ ಪರಿಶೀಲಿಸಿ, ತಿಳಿಯದೆ ಯಾರಿಗಾದರೂ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಡಿ ಎಂಬ ಅರ್ಥದ ತಾಕೀತು ಸೂರಾ ಹುಜುರಾತ್‌ನಲ್ಲಿದೆ. ಅದನ್ನು ನಾವು ಖುತ್ಬಾದಲ್ಲಿ ಕೇಳಿ ಮಸೀದಿಯಲ್ಲೇ ಬಿಟ್ಟು ಬರುತ್ತೇವೆ.

ಇಷ್ಟಾದ ಮೇಲೆ ಮಾಮು ಗೆದ್ದೆ ಎಂದು ಮಕ್ಕಳಿಗೆ ಫೋನ್ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು, "ಗಾಡಿಯದು ಆಯ್ತು. ಇನ್ನು ನನ್ನ ಕೈಯದೂ ನೋಡಿಸೋಣ" ಎಂದರು. ಕೈ ನಡುಗುತ್ತಿದ್ದದ್ದೂ ನಿಜವೇ ಆಗಿತ್ತಲ್ಲ.

ವೈದ್ಯರು ಕೇಳಿದ ಮೊದಲ ಪ್ರಶ್ನೆಯೂ ಅದೇ: ಯಾವಾಗ? ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟಾಗಲೋ, ಲೋಟ ಎತ್ತುವಾಗಲೋ? ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೆಚ್ಚಾಗಿ ಸುಮ್ಮನಿರುವ ಕೈ ನಡುಗುತ್ತದೆ. ಮಾಮುವಿನದು ಹಾಗಲ್ಲ. ದಿನದ ಯಾವ ಹೊತ್ತಿನಲ್ಲಿ ಎಂದು ಕೇಳಿದಾಗ ಮುಮಾನಿ ಉತ್ತರಿಸಿದರು: "ಬೆಳಿಗ್ಗೆ ದಮ್ಮಿನ ಮಾತ್ರೆ ತಗೊಂಡ ಮೇಲೆ." ನೂಲು ಬಿಚ್ಚುವ ಕೆಲಸದವರಲ್ಲಿ ಉಬ್ಬಸ ಹೊಸದಲ್ಲ, ಬೇಯುವ ಗೂಡಿನ ಹಬೆ ಅನೇಕರ ಎದೆ ಕಟ್ಟಿಸಿದೆ. ಮಾಮು ಹಲವು ವರ್ಷಗಳಿಂದ ಸಾಲ್ಬುಟಮಾಲ್ ಮಾತ್ರೆ ನುಂಗುತ್ತಿದ್ದರು. ಆ ಮಾತ್ರೆಗೆ ಕೈ ನಡುಗಿಸುವ ಗುಣವಿದೆ. ವೈದ್ಯರು ಮಾತ್ರೆ ನಿಲ್ಲಿಸಿ, ಬಾಯಿಯಿಂದ ಎಳೆದುಕೊಳ್ಳುವ ಇನ್‌ಹೇಲರ್ ಬರೆದುಕೊಟ್ಟರು. ಔಷಧ ನೇರವಾಗಿ ಶ್ವಾಸಕೋಶಕ್ಕೆ ಹೋಗುವುದರಿಂದ ಪ್ರಮಾಣ ಬಹಳ ಕಡಿಮೆ ಸಾಕು, ನಡುಕವೂ ಕಡಿಮೆ. ಥೈರಾಯ್ಡ್ ಪರೀಕ್ಷೆ, ಕಣ್ಣಿನ ಪರೀಕ್ಷೆ ಮಾಡಿಸಿದರು. ಎರಡು ವಾರದ ಮೇಲೆ ಲೋಟ ಬಹುಮಟ್ಟಿಗೆ ಅಲುಗದೆ ನಿಂತಿತು. ಕಣ್ಣಿನಲ್ಲಿ ಮಾತ್ರ ಪೊರೆ ಶುರುವಾಗಿದೆ ಎಂದರು. ರಾತ್ರಿ ಎದುರಿನ ಲೈಟು ಒಡೆದು ಹರಡಿದ ಹಾಗೆ ಕಾಣುವುದು ಅದರಿಂದ.

ಅಪ್ಪ ಮಕ್ಕಳು ಎದುರುಬದುರು ಕೂತು ಮಾತಾಡಿದ್ದು ಆಗಲೇ. ಮಕ್ಕಳು ಗುಜರಿಯ ಮಾತು ಬಿಟ್ಟರು. ಕತ್ತಲಾದ ಮೇಲೆ ಓಡಿಸುವುದಿಲ್ಲ ಎಂದು ಮಾಮು ತಾವಾಗಿಯೇ ಹೇಳಿದರು. ಯಾರೂ ಬೀಗದ ಕೈ ಕಿತ್ತುಕೊಳ್ಳಬೇಕಾಗಲಿಲ್ಲ. ಪೊರೆಯ ಆಪರೇಷನ್ ಆದ ಮೇಲೆ ಮತ್ತೆ ನೋಡೋಣ ಎಂದಿದ್ದಾರೆ. ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಕಾರು ಮಾಮುವಿನದು, ಓಡಿಸುವವನು ಮೆಕ್ಯಾನಿಕ್ ಹುಡುಗ.

ಅಂಗಡಿಯ ಸಾಲದ ಪುಸ್ತಕದ ಕೊನೆಯ ಹಾಳೆಯಲ್ಲಿ ಈಗ ಉರ್ದುವಿನಲ್ಲಿ ಒಂದು ಪಟ್ಟಿ ಇದೆ: ಟೈರಿನ ವಾರ, ವರ್ಷ, ಗಾಳಿ ನೋಡಿದ ತಾರೀಖು, ಕಣ್ಣು ತೋರಿಸಬೇಕಾದ ತಾರೀಖು. ಗಾಡಿಯದೂ ತಮ್ಮದೂ ಒಂದೇ ಹಾಳೆಯಲ್ಲಿ.